ಹಿಂದಿನ ಕೆಂಪು

ಆಟೋ ಕಾಂಪ್ಲೆಕ್ಸಿನ ಮೂರನೇ ಸಾಲಿನಲ್ಲಿ
ಓಮ್ನಿಯ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು
ದಸ್ತಗೀರ್ ಸಾಬರು "ಒತ್ತಿ" ಅಂದರು.
ಒತ್ತಿದೆ.
"ಬಿಡಿ."
ಬಿಟ್ಟೆ.
"ಎಡಗಡೇದು ಸತ್ತಿದೆ ಅಕ್ಕಾ."

ಎಷ್ಟು ದಿನದಿಂದಲೋ.
ತೀರ್ಥಹಳ್ಳಿಗೆ ಬನ್ನು ಬ್ರೆಡ್ಡು ತುಂಬಿಕೊಂಡು
ಮಂಡಗದ್ದೆಯ ತಿರುವುಗಳಲ್ಲಿ ಎಷ್ಟು ಸಲ
ನಿಲ್ಲುತ್ತೇನೆ, ನಿಲ್ಲುತ್ತೇನೆ ಎಂದೆನೋ
ಅರ್ಧ ಬಾಯಲ್ಲಿ.

ಬಲ್ಬು ನೆಟ್ಟಗೇ ಇತ್ತು.
ಹೋಲ್ಡರಿನ ಹಿತ್ತಾಳೆಗೆ ಹಸಿರು ಕಿಲುಬು:
ಗಾಜಿನ ಬಿರುಕಲ್ಲಿ ಇಳಿದ ಇಬ್ಬನಿಯ ಕೆಲಸ.
ಉಪ್ಪುಕಾಗದದಲ್ಲಿ ತಿಕ್ಕಿ, ಉಫ್ಫೆಂದು ಊದಿ,
ಚೂರು ವ್ಯಾಸಲೀನು ಸವರಿದರು.
ಬಿರುಕಿಗೆ, ತಾವೇ ನಕ್ಕು,
ಮಗಳ ಉಗುರುಬಣ್ಣ, ಎರಡು ಕೋಟು.

"ಡಿಕ್ಕಿ ಬಾಗಿಲು ಧಡಾರ್ ಅಂತ ಹಾಕ್ಬೇಡಿ,
ಒಳಗಿನ ತಂತಿ ಬೆಚ್ಚಿಬೀಳುತ್ತೆ.
ಮೂವತ್ತು ಕೊಡಿ."

ಈಗ ಬೆಳಗಿನ ಜಾವ ನಾಲ್ಕಕ್ಕೆ
ಒತ್ತಿ, ಬಿಡಿ ಅನ್ನಲು ಹಿಂದೆ ಯಾರೂ ಇರುವುದಿಲ್ಲ.
ಬೇಕರಿಯ ಸುಣ್ಣದ ಗೋಡೆಗೆ ಗಾಡಿಯ ಬೆನ್ನು ತಿರುಗಿಸಿ
ಒಮ್ಮೆ ಒತ್ತುತ್ತೇನೆ.
ಪಕ್ಕದ ಕನ್ನಡಿಯಲ್ಲಿ ಗೋಡೆ ಕೆಂಪಗಾಗುತ್ತದೆ,
ಎಡಕ್ಕೆ ತುಸು ಗಾಢ,
ಆ ಹುಡುಗಿಯ ಉಗುರಿನ ಬಣ್ಣ.