ಹದಿನೇಳನೇ ಮನೆ

ಮಾಲ್ದಾರೆ ಶಾಲೆಯ ಸಿಮೆಂಟು ಜಗಲಿಯ ಮೇಲೆ
ಭಾನುವಾರವೆಲ್ಲ ಕೂತು ಬರೆದೆ, ನೂರು ಮನೆ.
ಏಣಿಗೆ ಹಸಿರು ಬಣ್ಣ, ಹಾವಿಗೆ ಹೆಂಚಿನ ಕೆಂಪು.
ನುಗ್ಗೆಸೊಪ್ಪು ತಿಂದವರು ಹತ್ತಿ, ಮೇಲಕ್ಕೆ.
ಐದು ರೂಪಾಯಿಯ ಕುರುಕಲು ಪೊಟ್ಟಣವೇ? ಜಾರಿ, ಬಾಲಕ್ಕೆ.
ಕಾಯಿಗೆ ಕಾಫಿಬೀಜ, ದಾಳಕ್ಕೆ ತೇಯ್ದ ಹುಣಸೆಬೀಜ.
ಸೇಬು, ದ್ರಾಕ್ಷಿ, ಕ್ಯಾರೆಟ್ಟು,
ಇಲಾಖೆಯ ಪಟ ನೋಡಿಯೇ ಬಿಡಿಸಿದ್ದು.

ಸೋಮವಾರ ಗಲಾಟೆ.
"ಮೇಷ್ಟ್ರೇ, ಇದರಲ್ಲಿ ಕಣಿಲೆ ಎಲ್ಲಿ?" ಎಂದಳು ದೇಚು.
ಅವಳ ಹಿಂದೆ ಅಸ್ಸಾಮಿನ ರಹಿಮಾ, ಲೈನ್‌ಮನೆಯ ಪಾಲಿ:
ಮೂರು ಭಾಷೆಯಲ್ಲಿ ಒಂದೇ ಬಿದಿರ ಮೊಳಕೆ.
ಮರಗೆಸ ಬಂತು, ಗದ್ದೆಯ ಏಡಿ ಬಂತು,
ಕಕ್ಕಡ ಹದಿನೆಂಟರ ಮದ್ದುಸೊಪ್ಪಿನ ಪಾಯಸ.
"ತಿಂದರೆ ಮಾರನೇ ದಿನ ಉಚ್ಚೆ ಕೆಂಪು, ಮೇಷ್ಟ್ರೇ!"
ನಕ್ಕು ನಕ್ಕು ಕಾಯಿಗಳೆಲ್ಲ ಚೆಲ್ಲಾಪಿಲ್ಲಿ.
ನಾನು ಬಿಸ್ಕತ್ತು ಅದ್ದಿ ತಿಂದದ್ದು ಯಾರೋ ಕಂಡಿದ್ದರು,
ನನ್ನ ಬೀಜವನ್ನೂ ಹಾವಿನ ಬಾಯಿಗೆ ಹಾಕಿದರು. ನ್ಯಾಯವೇ.

ಆಮೇಲೆ ಚೋಂದುವಿನ ಸರದಿ. ನಾಲ್ಕು ಬಿಳಿ ಬಿತ್ತು.
ಹದಿನೇಳನೇ ಮನೆ, ನನ್ನದೇ ದುಂಡು ಅಕ್ಷರ:
'ಬೆಳಗಿನ ತಿಂಡಿ ಬಿಟ್ಟೆಯಾ? ಮೂರಕ್ಕೆ ಇಳಿ.'
ಎಲ್ಲರೂ ಜಗಳಾಡುತ್ತಾರೆ. ಅವನು ಆಡಲಿಲ್ಲ.
"ಹೌದು, ಬಿಟ್ಟೆ" ಎಂದು ಬೀಜ ಎತ್ತಿ
ಮೂರರಲ್ಲಿಟ್ಟ. ಸ್ವಲ್ಪ ಯೋಚಿಸಿ ಕೇಳಿದ:
"ನಿನ್ನೆ ರಾತ್ರಿದು ಬಿಟ್ಟಿದ್ದಕ್ಕೂ ಇಳೀಬೇಕಾ?"

ಮೂರರ ಕೆಳಗೆ ಎರಡು, ಎರಡರ ಕೆಳಗೆ ಒಂದು,
ಅದರ ಕೆಳಗೆ ನಾನು ಏನನ್ನೂ ಬರೆದಿರಲಿಲ್ಲ.

ಸೀಮೆಎಣ್ಣೆ ಬಟ್ಟೆ ತಂದು ಆ ಹಾವನ್ನು ಉಜ್ಜಿದೆ.
ತಲೆ ಹೋಯಿತು. ಬಾಲ, ಎಷ್ಟು ತಿಕ್ಕಿದರೂ, ಹೋಗಲಿಲ್ಲ.
ಚೋಂದು ಪಕ್ಕಕ್ಕೆ ಬಂದು ಕುಕ್ಕರಗಾಲಲ್ಲಿ ಕೂತ,
ಸೀಮೆಸುಣ್ಣದಲ್ಲಿ ಬಾಲಕ್ಕೆ ಎಲೆ ಹಚ್ಚಿದ, ಬಳ್ಳಿ ಮಾಡಿದ,
ಮೂರನೇ ಮನೆಯಲ್ಲೊಂದು ದಪ್ಪ ಕಾಡುಗೆಣಸು.
"ಇದು ಅಗೆಯೋಕೆ ನಮ್ಮಜ್ಜಿಗೆ ಒಂದು ಬೆಳಗು ಬೇಕು.
ಕೆಳಗೇ ಇರುತ್ತೆ ಮೇಷ್ಟ್ರೇ, ಇಳಿದೋರಿಗೇ ಸಿಗೋದು."

ಬಾಗಿಲಲ್ಲಿ ಎಲ್ಲ ಕೇಳುತ್ತ ನಿಂತಿದ್ದ ಅಡುಗೆಯ ಲಿಲ್ಲಿಯಕ್ಕ
"ಮಾಲ್ಟು ಆರುತ್ತೆ, ಬನ್ರೋ" ಎಂದು ಗದರಿಸಿದಳು.
ಚೋಂದುವಿನ ಲೋಟಕ್ಕೆ ಸೌಟು ಎರಡು ಸಲ ಬಿತ್ತೋ,
ಮೂರು ಸಲವೋ.
ಅಷ್ಟು ಹೊತ್ತು ಎಣಿಸಿದ ಮಕ್ಕಳಲ್ಲಿ
ಅದನ್ನು ಯಾರೂ ಎಣಿಸಲಿಲ್ಲ.