ಹನ್ನೆರಡನೆಯವನ ಲೆಕ್ಕ

ಬಾಗಲಕೋಟಿ ನವನಗರದಾಗ
ರಾಜೇಸಾಬನ ಚಾದಂಗಡಿ ಬಾಕಿನ ಮ್ಯಾಲ
ದಿನಾ ಸಂಜಿ ಐದಕ್ಕ ಪರೀಕ್ಷಾ ಶುರುವಾಗ್ತೈತಿ.
ಸೋತಾಂವ ಮಿರ್ಚಿ ಕೊಡಸಬೇಕು. ಅಷ್ಟ ಕಾನೂನು.

"ಎಪ್ಪತ್ತೆಂಟರ ಖೋಖೋ ಫೈನಲ್. ಕಿಲ್ಲಾ ಗಲ್ಲಿ ಬಾಲಭೀಮ ಮಂಡಳಿ.
ಏಳು ಮಿನಿಟ ಪೂರಾ ಓಡಿ ಔಟಾಗದ ಉಳದಾಂವ ಯಾರು?"
ತುಳಸಿಗೇರೆಪ್ಪ. ಸಣ್ಣ ಹುಡುಗೂರಿಗೂ ಗೊತ್ತು.
"ಅವತ್ತ ಅವನ ಎಡಗಾಲ ಹೆಬ್ಬಟ್ಟು ಹೆಂಗಿತ್ತು?"
ಉಗುರು ಕಿತ್ತಿತ್ತು, ಅರಿಷಿಣಾ ಮೆತ್ತಿ
ಅವ್ವನ ಹಳೇ ಸೀರಿ ಅರಬಿ ಸುತ್ತಿದ್ರು.
"ಯಾ ಬಣ್ಣದ ಸೀರಿ?"
ಇಲ್ಲೆ ಎಲ್ಲಾರೂ ಗಪ್ಪ. ನನ್ನ ಕಡೆ ನೋಡ್ತಾರ.
ಹಸರು ಇಳಕಲ್, ಕೆಂಪ ದಡಿ.
ಆ ಗಂಟು ಕಟ್ಟಿದಾಂವ ನಾ.

ಬುಕ್ಕಿನ್ಯಾಗ ಅದಿಲ್ಲ.
ಬುಕ್ಕ ಬರೀತಿದ್ದವರು ಗಲಗಲಿ ಮಾಸ್ತರ.
ನಮ್ಮವರಿಗೆ ನೀಲಿ ಮಸಿ, ಎದುರಿನವರಿಗೆ ಕೆಂಪು,
ಕೊರಳಾಗ ಕರೇ ದಾರದ ಸ್ಟಾಪ್‌ವಾಚು,
ಚಾ ಕುಡಿಯೂಮುಂದನೂ ಬಟ್ಟು ಗುಂಡಿ ಮ್ಯಾಲ.
ಮಾಬೂಸಾಬ ಜಮಾದಾರ: ಹದಿಮೂರು ವರ್ಷ,
ಮುಟ್ಟಿ ಔಟ್ ಮಾಡಿದ್ದು ಇನ್ನೂರಾ ಆರು,
ಅದರಾಗ ಖಂಬಕ್ಕ ಜಿಗದು ಮುಟ್ಟಿದ್ದು ಅರವತ್ತೊಂದು.
ಮುಚಖಂಡೆಪ್ಪ ಕುಂಬಾರ: ಒಂದ ಪಾಳೇದಾಗ ಐದು ಫೌಲು.
ಅಂಪೈರಗ ಬೈದದ್ದು ಬ್ಯಾರೆ,
ಅದಕ್ಕ ಕಾಲಂ ಇರಲಿಲ್ಲ.

ಮಂಡಳಿ ಇತಿಹಾಸ ಅಂದ್ರ ಅಣ್ಣತಮ್ಮರ ಪಾಲು ಇದ್ದಂಗ.
ಎಂಬತ್ಮೂರರಾಗ ಚಡ್ಡಿ ಬಣ್ಣದ ಸಲುವಾಗಿ ಒಡೀತು.
ಕರೇ ಚಡ್ಡಿ ಬಾಲಭೀಮ, ಬಿಳೇ ಚಡ್ಡಿ ನವ ಬಾಲಭೀಮ.
ಮೈದಾನ ಮಾತ್ರ ಒಂದ, ಖಂಬ ಒಂದ ಜೋಡಿ,
ಮುಂಜಾನೆ ಅವರು, ಸಂಜಿಮುಂದ ನಾವು.
ಆಮ್ಯಾಲ ಆಲಮಟ್ಟಿ ಹಿನ್ನೀರು ಬಂತು.
ನೀರಿಗೆ ಚಡ್ಡಿ ಬಣ್ಣ ತಿಳೀಲಿಲ್ಲ.

ಮುಳುಗಡಿ ಫಾರ್ಮಿನ್ಯಾಗ ಮನಿ, ಹಿತ್ತಲ, ಬಾಂವಿ, ಬೇವಿನಗಿಡ
ಎಲ್ಲಾಕ್ಕೂ ಜಾಗಾ ಇತ್ತು.
ಮಾಸ್ತರ ಕೆಳಗ ಉಳದ ಜಾಗಾದಾಗ ಬರದ್ರು:
ಖಂಬ, ಎರಡು, ತ್ಯಾಗಿನವು.
ಸಾಹೇಬ ನಕ್ಕು ಗೀಟ ಹೊಡದ.
ಈಗೂ ಬ್ಯಾಸಿಗ್ಯಾಗ ನೀರು ಹಿಂದ ಸರದಾಗ
ನಾವು ನಾಕ ಮಂದಿ ಹೋಗಿ ನಿಂದ್ರತೀವಿ.
ಒಬ್ಬಾಂವ ಅಲ್ಲಿತ್ತು ಅಂತಾನ, ಒಬ್ಬಾಂವ ಇಲ್ಲಿತ್ತು.
ಹೊಲಸ ಬೈದಾಡಿ, ಒಂದ ರಿಕ್ಷಾದಾಗ ಕೂಡೇ ತಿರುಗಿ ಬರ್ತೀವಿ.

ನಿನ್ನೆ ರಾಜೇಸಾಬನ ಮೊಮ್ಮಗ ತೌಫೀಕ
ಗಲ್ಲಾದ ಮುಂದ ಕುಂತು ಕೇಳಿದ:
"ಕಾಕಾ, ಎಲ್ಲಾರದೂ ಹೇಳ್ತೀರಿ. ನಿಮ್ಮ ರೆಕಾರ್ಡು?"

ಹನ್ನೊಂದು ವರ್ಷ. ಹನ್ನೆರಡನೇ ನಂಬರ ಅಂಗಿ.
ಅಂಕಣದಾಗ ಕುಂಡ್ರವರು ಎಂಟು, ಬೆನ್ನ ಹತ್ತಾಂವ ಒಬ್ಬ,
ಹೊರಗ ಕುಂಡ್ರವರು ಮೂವರು,
ಆ ಮೂವರಾಗ ಕಡೀಯಾಂವ.
ಒಳಗ ಕುಂತಾವ್ರಿಗೆ ಬೆನ್ನ ಮುಟ್ಟಿ ಖೋ ಅನ್ನಾಕ
ಯಾರರೆ ಬಂದ ಬರ್ತಾರ.
ನಾ ಉಪ್ಪಿನ ನೀರಿನ ಚರಗಿ, ಅವರ ಚಪ್ಪಲಿ,
ಅವರ ಕೈಗಡಿಯಾರ ಕಾಯಕೋತ ಕುಂತೆ.
ಒಂದೊಂದ ಸಲ ಎರಡೂ ಮುಂಗೈಗೆ ಐದ ಗಡಿಯಾರ ಇರತಿದ್ದು,
ಒಂದರ ಟೈಮು ಇನ್ನೊಂದಕ್ಕ ಕೂಡತಿರಲಿಲ್ಲ.

ಒಂದ ಸಲ ಕರದ್ರು. ಎಂಬತ್ತೊಂದು, ಮಹಾಲಿಂಗಪುರ.
ಮಾಬೂಸಾಬಗ ಥಂಡಿಜ್ವರ, ಇಬ್ಬರಿಗೆ ಬಸ್ಸ ತಪ್ಪಿತ್ತು.
ಹದಿನಾಲ್ಕು ಸೆಕೆಂಡು ಓಡಿದೆ. ಔಟು.
ಬೇಕಾದ್ರ ಅದನ್ನ ಎರಡು ತಾಸು ಹೇಳ್ತೀನಿ:
ಮಣ್ಣು ಹಂಚಿನಂಗ ಕಾದಿತ್ತು,
ಖಂಬದ ಬುಡಕ ಒಂದು ಇರಿವಿ ಸಾಲು,
ಅದನ್ನ ದಾಟಾಕ ಹೋಗಿ ಅರ್ಧ ಹೆಜ್ಜಿ ತಪ್ಪಿದೆ.
ಬೆನ್ನ ಮ್ಯಾಲ ಬಿದ್ದ ಕೈ ತಣ್ಣಗಿತ್ತು.

"ಬುಕ್ಕಿನ್ಯಾಗ ಹದಿನೈದ ಐತೆಲ್ಲ" ಅಂದ ತೌಫೀಕ,
ಫೋನಿನ್ಯಾಗ ಹಳೇ ಹಾಳಿ ಫೋಟೋ ಹಿಗ್ಗಿಸಿ ತೋರಿಸಿದ.
ನೀಲಿ ಮಸಿ. ಮಾಸ್ತರ ಅಕ್ಷರನ.
ಸ್ವಂತ ಅಳಿಯಗ ಅರ್ಧ ಸೆಕೆಂಡು ಬಿಡದ ಮನಷ್ಯಾ,
ಯಾ ಧ್ಯಾನದಾಗ ಬಟ್ಟು ಎತ್ತಲಿಲ್ಲೋ.

ಹದಿನಾಲ್ಕು ಅಂದಾಂವ ನಾ, ಹದಿನೈದು ಅಂತೈತಿ ಬುಕ್ಕು.
ಕಾನೂನು ಕಾನೂನ.
ಮಿರ್ಚಿ ಎಷ್ಟು ಪ್ಲೇಟು, ಹೇಳ್ರಿ.