ಪ ಇಲ್ಲದ ಊರಿನಲ್ಲಿ

ದಮ್ಮಾಮಿನ ಜವಾಜಾತ್ ಕಚೇರಿಯ ಎದುರು
ಒಂದು ಕೊಡೆ, ಒಂದು ಟೈಪ್‌ರೈಟರು,
ಕಾಲು ಮುರಿದ ಸ್ಟೂಲಿಗೆ ಮೂರು ಇಟ್ಟಿಗೆ.
ನಾನು ದಾವಲಸಾಬ.
ಸರಕಾರಿ ಸಾಲಿಯಲ್ಲಿ ಕನ್ನಡ, ಮದರಸಾದಲ್ಲಿ ಅರಬ್ಬಿ ಕಲಿತವನು.
ಹೊಟ್ಟೆಗೆ ಎರಡನೆಯದು,
ಬೈಗುಳಕ್ಕೂ ಲೆಕ್ಕಕ್ಕೂ ಮೊದಲನೆಯದು.

ಅವನು ಬಂದದ್ದು ಜೂನಿನ ಮಧ್ಯಾಹ್ನ,
ಅಂಗಿಯ ಬೆನ್ನ ಮೇಲೆ ಬೆವರು ಒಣಗಿ ಉಪ್ಪಿನ ನಕಾಶೆ.
ಹೆಸರು ಕೇಳಿದೆ.
"ಪಕ್ಕೀರಪ್ಪ ರೀ. ಶಿರಹಟ್ಟಿ ಕಡೆ. ಗಾರೆ ಕೆಲಸ."

ಈ ಲಿಪಿಯಲ್ಲಿ ಪ ಇಲ್ಲ.
ಪಾಂಡುರಂಗನನ್ನು ಬಾಂಡುರಂಗ ಮಾಡಿದ ಕೈ ಇದು,
ಪುಟ್ಟಸ್ವಾಮಿಯನ್ನು ಬುತ್ತಸ್ವಾಮಿ.
ಪೆಪ್ಸಿಯೂ ಇಲ್ಲಿ ಬೆಬ್ಸಿ,
ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.
ರೂಢಿಯಂತೆ ಬೆರಳು ಬ-ದ ಮೇಲೆ ಹೋಯಿತು.
ನಿಂತಿತು.

"ಯಾಕಪ್ಪ ಈ ಹೆಸರು?"
"ನಮ್ಮವ್ವಗ ಮೂರು ಕೂಸು ಹೋಗಿದ್ವು.
ಪಕ್ಕೀರಜ್ಜನ ಗದ್ದಿಗಿಗೆ ಹರಕಿ ಹೊತ್ಲು. ನಾ ಉಳದೆ."

ಫಕೀರ. ಇವರದೇ ಮಾತು!
ಯಾವ ಕಾಲದಲ್ಲೋ ಹಡಗು ಹತ್ತಿ,
ಕುದುರೆ ವ್ಯಾಪಾರಿಯ ಚೀಲದಲ್ಲೋ ಬರಿಗಾಲ ದರವೇಶಿಯ ನಾಲಿಗೆಯಲ್ಲೋ
ಘಟ್ಟ ಏರಿ, ಎರೆಹೊಲ ದಾಟಿ,
ರೊಟ್ಟಿ ಬಡಿಯುವವಳ ಬಾಯಿಗೆ ಬಂದು ಬಿದ್ದಿದೆ.
ಅವಳಿಗೆ ಫ ಅಂದರೆ ಒಲೆ ಊದುವ, ದೀಪ ಆರಿಸುವ ಸದ್ದು.
ಮಗನನ್ನು ಊದಿ ಕರೆಯುವುದುಂಟೆ?
ಎರಡೂ ತುಟಿ ಸೇರಿಸಿ,
ಮುತ್ತಿಡುವ ಹಾಗೆ,
ಪ ಮಾಡಿಕೊಂಡಳು.

ಫ ಒತ್ತಿದೆ. ಹೊರಟ ಮನೆಗೇ ಬಂದಿದ್ದೀ, ಒಳಗೆ ಬಾ.
ಅಪ್ಪ ಮಾತ್ರ ಅಬ್ಬ ಆದ.

ಗಾಜಿನ ಆಚೆಯ ಗುಮಾಸ್ತ ಓದಿದ:
"ಫಕೀರಬ್ಬ? ಬಡವರ ಅಪ್ಪನೋ, ಬಡ ಅಪ್ಪನೋ?"
ಇವನಿಗೆ ತಿಳಿದದ್ದು ಅವನ ನಗು ಒಂದೇ.
"ಹೌದ್ರಿ" ಅಂದ.

ಆಮೇಲೆ ಎರಡು ವರ್ಷಕ್ಕೊಮ್ಮೆ ಬರುತ್ತಿದ್ದ.
"ಸಾಬರ, ಇವರಿಗೆ ನಮ್ಮ ಮಾತು ಭಾಳ ಬರ್ತಾವ!
ಬಾಕಿ ಅಂತಾರ, ಖಲಾಸ್ ಅಂತಾರ,
ನಮ್ಮ ಗೌಡರ ಹಂಗ ತಕರಾರೂ ಮಾಡ್ತಾರ."
ಕೇಫ್ ಹಾಲಕ್ ಅಂದರೆ ಹಾಲು ಹಾಕಲೇ ಎಂದು ತಿಳಿದು
ಕರಿ ಚಹಾನೇ ಸಾಕು ಎಂದವನು.

ಒಮ್ಮೆ ಫೋರ್‌ಮನ್ನನಿಗೆ, ಒಳ್ಳೆಯ ಮನಸ್ಸಿನಿಂದ,
"ಊಟ ಆತೇನ್ರಿ?" ಅಂದನಂತೆ, ಮುರುಕು ಅರಬ್ಬಿಯಲ್ಲಿ.
ಕರೆದನೆಂದು ತಿಳಿದು ಆತ ಮರಳಿನ ಮೇಲೆ ಚಕ್ಕಳಮಕ್ಕಳ ಕೂತು
ಶೇಂಗಾ ಹಿಂಡಿ ಹಚ್ಚಿ ಎರಡು ರೊಟ್ಟಿ ತಿಂದ.
ಮರುದಿನ ಒಂದು ಪರಾತ ಕಬ್ಸಾ ತಂದು ಹಂಚಿದ.
"ಅದು ಬರೇ ಹೆಂಗದೀರಿ ಅನ್ನೂ ಮಾತು,
ಬಾ ಉಣ್ಣು ಅಂತಲ್ಲ ಅಂತ ಹೆಂಗ ಹೇಳೂದ್ರಿ?"
"ಹೇಳಬ್ಯಾಡ" ಅಂದೆ.
ನನಗೂ ಆಗ ಅನುಮಾನ:
ನಮ್ಮ ಅಜ್ಜಿಯಂದಿರು ಅದನ್ನು ಕೇಳಲು ಶುರು ಮಾಡಿದಾಗ
ಅವನು ತಿಳಿದ ಅರ್ಥವೇ ಇತ್ತೋ ಏನೋ.

ಫಾರಮಿನಲ್ಲಿ ಎರಡು ಮನೆ.
ಒಂದು, ಹೋಗಿ ಬರುವವರದು.
ಇನ್ನೊಂದು, ಹೋಗಿಯೇಬಿಡುವವರದು.
ಇಪ್ಪತ್ತೆರಡು ವರ್ಷ ಅವನಿಗೆ ಮೊದಲನೆಯದರಲ್ಲೇ ಗುರುತು ಹಾಕಿದೆ.
ಈ ಸಲ ಮೊಣಕಾಲು ಸವೆದಿತ್ತು.

"ಏನಂತ ಬರದ್ರಿ?"
"ಖುರೂಜ್ ನಿಹಾಯಿ."
"ಅಂದ್ರ?"

ಅರ್ಥ ನನಗೆ ಗೊತ್ತು, ಕನ್ನಡವೂ ಗೊತ್ತು.
ಆದರೆ ಜೀವಂತ ಎದುರು ನಿಂತವನಿಗೆ
ನಮ್ಮ ಕಡೆ ಆ ಮಾತು ಆಡುವುದಿಲ್ಲ.
ಹೊಸ್ತಿಲಲ್ಲಿ ಹೋಗ್ತೀನಿ ಅಂದ ಹುಡುಗನ ಬಾಯಿಗೆ
ತಾಯಿ ಕೈ ಅಡ್ಡ ಹಿಡಿಯುತ್ತಾಳೆ.
"ರಜಾ" ಅಂದೆ. "ದೊಡ್ಡ ರಜಾ."

ಮುದ್ರೆ ಬಿದ್ದ ಕಾಗದ ನಾಲ್ಕು ಮಡಿಕೆ ಮಾಡಿ
ಕಿಸೆಯಲ್ಲಿಟ್ಟು, ಕೊಡೆಯ ನೆರಳಿಂದ ಹೊರಗೆ ಕಾಲಿಟ್ಟು ತಿರುಗಿದ.
"ಬರ್ತೀನ್ರಿ ಸಾಬರ."

"ಬಾರಪ್ಪ" ಅಂದೆ.
ಪ-ಕ್ಕೆ ಎರಡೂ ತುಟಿ ಸೇರಿದವು.